ಬದಲಿ ವೈದ್ಯರು ಕುಳಿತಿರುವಾಗ

ದಟ್ಟಗಳ್ಳಿಯ ಬಡಾವಣೆಗಳಲ್ಲಿ ನಿವೃತ್ತರ ಮನೆಗಳು ಅನೇಕ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿರುವುದರಿಂದ, ಈ ಹಿರಿಯರು ರಕ್ತದೊತ್ತಡಕ್ಕೂ ಮಧುಮೇಹಕ್ಕೂ ಹತ್ತಿರದ ಚಿಕಿತ್ಸಾಲಯದ ವೈದ್ಯರನ್ನೇ ನಂಬಿರುತ್ತಾರೆ. ಆ ವೈದ್ಯರಿಗೂ ಕಾಯಿಲೆ, ಮಗಳ ಮದುವೆ, ಯಾತ್ರೆಗಳು ಇದ್ದದ್ದೇ. ಅಂತಹ ದಿನಗಳಲ್ಲಿ ಅವರ ಕುರ್ಚಿಯಲ್ಲಿ ಅಪರಿಚಿತರನ್ನು ಕಂಡು ಬಾಗಿಲಿನಿಂದಲೇ ಹಿಂದಿರುಗುವವರನ್ನು ನಾವು ಬಲ್ಲೆವು.

ಈ ಏರ್ಪಾಡು ಹೊಸದಲ್ಲ. ಬ್ರಿಟನ್ನಿನಲ್ಲಿ ಇಂತಹ ವೈದ್ಯರನ್ನು 'ಲೋಕಮ್' ಎನ್ನುತ್ತಾರೆ. ಇನ್ನೊಬ್ಬರ ಸ್ಥಾನವನ್ನು ಹಿಡಿದಿರುವವರು ಎಂಬರ್ಥದ ಲ್ಯಾಟಿನ್ ಮಾತಿನ ಮೊಟಕು ರೂಪವದು. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನೀತಿಯ ನಿಯಮಗಳಲ್ಲಿಯೂ ಬದಲಿ ವೈದ್ಯರ ವಿಚಾರವಿದೆ. ತಮ್ಮ ಇತರ ಕರ್ತವ್ಯಗಳೊಂದಿಗೆ ಈ ಹೆಚ್ಚಿನ ಹೊಣೆಯನ್ನೂ ನಿರ್ವಹಿಸಬಲ್ಲವರು ಮಾತ್ರ ಇದನ್ನು ಒಪ್ಪಿಕೊಳ್ಳಬೇಕು. ಊರಿನಲ್ಲಿಲ್ಲದ ವೈದ್ಯರ ಹಿತವನ್ನೂ ಹೆಸರನ್ನೂ ಕಾಯಬೇಕು. ಅವರು ಮರಳಿದೊಡನೆ ರೋಗಿಗಳನ್ನು ಅವರಿಗೇ ಒಪ್ಪಿಸಬೇಕು.

ತೊಡಕಿರುವುದು ಬೇರೆಡೆ. ಅದೇ ನಿಯಮಗಳು ಒಳರೋಗಿಗಳ ದಾಖಲೆಗಳನ್ನು 3 ವರ್ಷ ಕಾಪಾಡಬೇಕೆನ್ನುತ್ತವೆ. ಬೀದಿಯ ಚಿಕಿತ್ಸಾಲಯಕ್ಕೆ ಬಂದುಹೋಗುವವರ ಕಡತವಾದರೋ ಬಹುಮಟ್ಟಿಗೆ ವೈದ್ಯರ ನೆನಪೇ. ಅವರು ರಜೆಯ ಮೇಲೆ ಹೋದರೆ ಕಡತವೂ ಅವರೊಡನೆ ಹೋಯಿತು. ನಮಗೆ ಪರಿಚಿತರಾದ ತಾಯಿಯೊಬ್ಬರಿಗೆ ಬದಲಿ ವೈದ್ಯರು ಗ್ಲಿಮೆಪಿರೈಡ್ ಮಾತ್ರೆಯನ್ನು ಬೇರೊಂದು ಕಂಪನಿಯ ಹೆಸರಿನಲ್ಲಿ ಬರೆದುಕೊಟ್ಟರು. ಮನೆಯಲ್ಲಿದ್ದ ಹಳೆಯ ಮಾತ್ರೆಯೂ ಅದೇ ಔಷಧವೆಂದು ಅರಿಯದೆ ಆ ತಾಯಿ ಎರಡನ್ನೂ ನುಂಗಿದರು. ಮಧ್ಯಾಹ್ನದ ವೇಳೆಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತು. ರಕ್ತದ ಸಕ್ಕರೆ ಕುಸಿದಾಗ ಆಗುವುದು ಹೀಗೆಯೇ. ಎಚ್ಚರವಿದ್ದವರಿಗೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಆ ತಾಯಿ ಉಳಿದುಕೊಂಡರು. ಇದರಲ್ಲಿ ವೈದ್ಯರನ್ನು ಮಾತ್ರ ದೂರುವಂತಿಲ್ಲ. ಹಳೆಯ ಚೀಟಿಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಆದ್ದರಿಂದ ಬದಲಿ ವೈದ್ಯರ ಬಳಿಗೆ ಹೋಗುವಾಗ ಹಳೆಯ ಚೀಟಿಗಳನ್ನೂ, ಸೇವಿಸುತ್ತಿರುವ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಚೀಲದಲ್ಲಿ ಕೊಂಡೊಯ್ಯಿರಿ. ಸ್ಟ್ರಿಪ್ಪಿನ ಮೇಲೆ ಕಂಪನಿಯಿಟ್ಟ ಹೆಸರಿನೊಂದಿಗೆ ಮೂಲ ಔಷಧದ ಹೆಸರೂ ಅಚ್ಚಾಗಿರುತ್ತದೆ. ವೈದ್ಯರಿಗೆ ಬೇಕಾದದ್ದು ಅದು. ಪೆನಿಸಿಲಿನ್ ಮುಂತಾದವು ಮೈಗೆ ಒಗ್ಗದಿದ್ದರೆ, ಕೇಳುವ ಮೊದಲೇ ತಿಳಿಸಿರಿ. ಹೊಸ ಮಾತ್ರೆ ಹಳೆಯದರ ಬದಲಿಗೋ, ಅದರೊಡನೆಯೋ ಎಂಬುದನ್ನು ಕೇಳದೆ ಏಳಬೇಡಿ. ಹಿರಿಯರು ಸಂಕೋಚದಿಂದ ಕೇಳದೆ ಬಿಡುವ ಪ್ರಶ್ನೆ ಇದೊಂದೇ ಎಂದು ನಮಗನ್ನಿಸಿದೆ.

ಕುರ್ಚಿಯಲ್ಲಿರುವವರು ವೈದ್ಯರೇ ಎಂಬುದನ್ನು ತಿಳಿಯುವುದೂ ನಿಮ್ಮ ಹಕ್ಕು. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಔಷಧಚೀಟಿಯಲ್ಲಿ ನಮೂದಿಸಬೇಕೆಂಬ ನಿಯಮವಿದೆ. ಬದಲಿಯವರು ಬರೆಯಬೇಕಾದದ್ದು ತಮ್ಮ ಸಂಖ್ಯೆಯನ್ನೇ. ವರ್ಷಗಟ್ಟಲೆ ಜೊತೆಗಿದ್ದು ಪಳಗಿದ ಕಾಂಪೌಂಡರ್ ಎಷ್ಟೇ ಒಳ್ಳೆಯವರಾಗಿರಲಿ, ಅವರ ಕೈಯಿಂದ ಇಂಜೆಕ್ಷನ್ ಬರೆಸಿಕೊಳ್ಳುವುದು ಬೇಡ.

ವೈದ್ಯರು ಮರಳಿದ ವಾರದಲ್ಲಿಯೇ ಒಮ್ಮೆ ಅವರನ್ನು ಕಂಡು, ನಡುವೆ ಬರೆಸಿಕೊಂಡ ಚೀಟಿಯನ್ನು ಅವರ ಮುಂದಿಡಿರಿ.