ಎರಡು ಕೂದಲೆಳೆಯ ಲೆಕ್ಕ

ಬೀಳಗಿಯ ಕಬ್ಬಿನ ಸೀಮೆಯಲ್ಲಿ ಹಳೆಯ ಕಾರಿನ ಎಂಜಿನ್ ಬಿಚ್ಚಿ ಕಟ್ಟಿಸುವವರು ಪಿಸ್ಟನ್, ಬೇರಿಂಗ್‌ಗಳಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಆದರೆ ಆಯಿಲ್ ಪಂಪನ್ನು ಬರೀ ತೊಳೆದು ಕೂಡಿಸಿದರೆ? ಎಣ್ಣೆಯ ಒತ್ತಡ ಕುಸಿದು ಹೊಸ ಬೇರಿಂಗೂ ಸುಟ್ಟೀತು!

ಪರೀಕ್ಷೆ ಕಠಿಣವೇನಲ್ಲ. ಪಂಪಿನ ಮುಚ್ಚಳ ತೆಗೆದು, ಬಾಯಿಯ ಮೇಲೆ ನೇರ ಅಂಚಿನ ಉಕ್ಕಿನ ಪಟ್ಟಿ ಇಟ್ಟು, ಅದಕ್ಕೂ ಗೇರಿಗೂ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಅನೇಕ ಕಾರುಗಳಲ್ಲಿ ಇದು 0.15 ಮಿ.ಮೀ., ಅಂದರೆ ಸುಮಾರು ಎರಡು ಕೂದಲೆಳೆಯಷ್ಟು ದಪ್ಪ ಮೀರಬಾರದು. ನಿಖರ ಮಿತಿ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಮುಚ್ಚಳದ ಒಳಮೈಯ ಗೀರು, ರಿಲೀಫ್ ವಾಲ್ವಿನ ಸ್ಪ್ರಿಂಗ್, ಜಾಲರಿಯ ಕಸವನ್ನೂ ನೋಡಬೇಕು. ಜೋಡಿಸುವ ಮುನ್ನ ಪಂಪಿಗೆ ಎಣ್ಣೆ ತುಂಬಬೇಕು.

ಎಸ್ಸೆಸ್ಸೆಲ್ಸಿ ಬಳಿಕ ಐಟಿಐನಲ್ಲಿ ಎರಡು ವರ್ಷ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಪಡೆಯಬಹುದು. ಪಾಲಕರೇ, ಮಕ್ಕಳ ಕೈ ಎಣ್ಣೆಯಾದರೆ ಬೇಸರವೇಕೆ? ಶಾಲೆಯ ದಶಮಾಂಶವೇ ಅಲ್ಲಿ ಅನ್ನ ಕೊಡುತ್ತದೆ.