ಕಥೆಯೊಳಗಿನ ಹುಡುಗ, ಪರದೆಯ ಮೇಲಿನ ಹುಡುಗ

ಪ್ರಶ್ನೆ: ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆ ಓದಿದ್ದೇನೆ. ಸಿನಿಮಾದಲ್ಲಿ ಬೇರೇನಾದರೂ ಸಿಗುತ್ತದೆಯೆ?

ಉತ್ತರ: ಖಂಡಿತ ಸಿಗುತ್ತದೆ. ವೇದಪಾಠಕ್ಕೆಂದು ಅಗ್ರಹಾರಕ್ಕೆ ಬಂದ ಪುಟ್ಟ ನಾಣಿ, ಅವನನ್ನು ಅಕ್ಕರೆಯಿಂದ ನೋಡಿಕೊಳ್ಳುವ ಗುರುಗಳ ವಿಧವೆ ಮಗಳು ಯಮುನಕ್ಕ, ಅವಳು ಬಸಿರಾದಾಗ ತಿರುಗಿಬೀಳುವ ಊರು: ಇಷ್ಟು ಎರಡರಲ್ಲೂ ಒಂದೇ.

ಕಥೆಯಲ್ಲಿ ನಾವು ಹುಡುಗನ ಮನಸ್ಸಿನೊಳಗೇ ಕೂತಿರುತ್ತೇವೆ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ, ಸಂಕಟ ಹುಟ್ಟುವುದೇ ಅಲ್ಲಿ. ಕ್ಯಾಮೆರಾ ಹಾಗೆ ಮನಸ್ಸಿನೊಳಗೆ ಇಳಿಯಲಾರದು. ಗಿರೀಶ ಕಾಸರವಳ್ಳಿ 1977ರ ತಮ್ಮ ಈ ಮೊದಲ ಚಿತ್ರದಲ್ಲಿ ವಿವರಣೆಯ ಮಾತುಗಳನ್ನು ತುರುಕಲಿಲ್ಲ; ನಾಣಿಯ ಮುಖವನ್ನೇ ನೆಚ್ಚಿಕೊಂಡರು. ಗರ್ಭಪಾತದ ರಾತ್ರಿಯನ್ನು ಗಮನಿಸಿ. ಭಯವೆಲ್ಲ ಕತ್ತಲಲ್ಲಿ, ಸದ್ದಿನಲ್ಲಿ, ಆ ಮಗುವಿನ ಕಣ್ಣಲ್ಲಿದೆ. ಎಸ್. ರಾಮಚಂದ್ರರ ಕಪ್ಪುಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ ಇಲ್ಲದೆ ಇದು ಸಾಧ್ಯವಿರಲಿಲ್ಲ.

ಇನ್ನೊಂದು ವ್ಯತ್ಯಾಸ ನನಗೆ ಮುಖ್ಯ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವುದನ್ನು ಓದುವಾಗ ನಾವು ಪುಟ ಮುಚ್ಚಿ ಸುಧಾರಿಸಿಕೊಳ್ಳಬಹುದು. ಸಿನಿಮಾ ಆ ಬಿಡುವು ಕೊಡುವುದಿಲ್ಲ. ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನೆಯನ್ನು ನೋಡಲೇಬೇಕು. ಆ ಪಾತ್ರದಲ್ಲಿ ಮೀನಾ ಕುಟ್ಟಪ್ಪ ಅಲ್ಲಿ ಮಾತಿಲ್ಲದೆ ಗೆದ್ದಿದ್ದಾರೆ.

ಯಾವುದು ಮೇಲು? ಹುಡುಗನ ಅಂತರಂಗಕ್ಕೆ ಕಥೆ, ಯಮುನೆಯ ಒಂಟಿತನಕ್ಕೆ ಸಿನಿಮಾ. ಸ್ವರ್ಣಕಮಲ ಪಡೆದ ಈ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಎಲ್ಲಾದರೂ ಪ್ರದರ್ಶನವಿದ್ದರೆ ತಪ್ಪಿಸಿಕೊಳ್ಳಬೇಡಿ. ಹೋಗುವ ಮುನ್ನ ಕಥೆಯನ್ನು ಮತ್ತೊಮ್ಮೆ ಓದಿ.