ರೋಗಾಣುವಿಗೆ ಗಾಳಿಯ ಗೋಡೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಸುತ್ತಲಿನ ಹಳ್ಳಿಗರೂ ತೀವ್ರ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಕಾರಣವಾದ ವೈರಸ್ಸನ್ನು ಬೇರ್ಪಡಿಸಿ, ಉಣುಗುಗಳು ಅದನ್ನು ಹರಡುತ್ತವೆಂದು ತೋರಿಸಿದರು. ಅನಂತರ ಪ್ರಯೋಗಾಲಯಗಳಲ್ಲಿ ಈ ವೈರಸ್ಸಿನೊಡನೆ ಕೆಲಸಮಾಡುತ್ತಿದ್ದ ಹಲವರಿಗೂ ಅದೇ ಜ್ವರ ತಗುಲಿತು. ರೋಗದ ಮರ್ಮವನ್ನು ಅರಿಯಹೊರಟವರನ್ನೂ ಅವರ ನೆರೆಹೊರೆಯವರನ್ನೂ ಕಾಪಾಡುವ ಬಗೆ ಹೇಗೆ? ಇದಕ್ಕೆ ಭೌತಶಾಸ್ತ್ರವು ಕೊಡುವ ಉತ್ತರವನ್ನು ನೋಡೋಣ.

ರೋಗಾಣುಗಳಿರುವ ದ್ರವವನ್ನು ಕಲಕಿದಾಗ, ಸುರಿದಾಗ, ಕಣ್ಣಿಗೆ ಕಾಣದ ಹನಿಗಳು ಏಳುತ್ತವೆ. ದೊಡ್ಡವು ಬೇಗನೆ ನೆಲಕ್ಕಿಳಿಯುತ್ತವೆ. ಅತಿ ಸಣ್ಣವು ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತವೆ. ಆದುದರಿಂದ ಮೊದಲು ಹತೋಟಿಗೆ ತರಬೇಕಾದುದು ಗಾಳಿಯನ್ನು.

ಒಳಬರುವುದಕ್ಕಿಂತ ಹೆಚ್ಚು ಗಾಳಿಯನ್ನು ಯಂತ್ರದಿಂದ ಹೊರಕ್ಕೆ ಸೆಳೆದರೆ ಕೋಣೆಯ ಒತ್ತಡ ತಗ್ಗುತ್ತದೆ. ಗಾಳಿಯು ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹರಿಯುವುದಷ್ಟೆ. ಹೀಗಾಗಿ ಬಾಗಿಲಿನ ಸಂದುಗಳಲ್ಲಿ ಅದು ಯಾವಾಗಲೂ ಒಳಮುಖವಾಗಿಯೇ ಹರಿಯುತ್ತದೆ. ವಾಯುಮಂಡಲದ ಒತ್ತಡ ಸುಮಾರು 1,00,000 ಪಾಸ್ಕಲ್. ಇಲ್ಲಿ ಬೇಕಾದ ವ್ಯತ್ಯಾಸವಾದರೋ ಸುಮಾರು 12 ಪಾಸ್ಕಲ್ ಮಾತ್ರ, ಎಂದರೆ ಒಂದೂಕಾಲು ಮಿಲಿಮೀಟರ್ ಎತ್ತರದ ನೀರಿನ ಒತ್ತಡದಷ್ಟು! ಪ್ರವೇಶದ ಎರಡು ಬಾಗಿಲುಗಳನ್ನು ಏಕಕಾಲದಲ್ಲಿ ತೆರೆದರೆ ಈ ಅಲ್ಪ ವ್ಯತ್ಯಾಸ ಕೆಡುತ್ತದೆ. ಆದುದರಿಂದ ಹಾಗೆ ತೆರೆಯಲಾಗದಂತೆ ಏರ್ಪಾಡಿರುತ್ತದೆ.

ಸೆಳೆದ ಗಾಳಿಯನ್ನು ಗಾಜಿನ ಎಳೆಗಳ ಶೋಧಕದ ಮೂಲಕ ಹಾಯಿಸಬೇಕು. 0.3 ಮೈಕ್ರಾನ್ ಗಾತ್ರದ 10,000 ಕಣಗಳಲ್ಲಿ ಕನಿಷ್ಠ 9,997ನ್ನು ಅದು ತಡೆಯುತ್ತದೆ. ಹಾಗಾದರೆ ಇನ್ನೂ ಸಣ್ಣ ಕಣಗಳು ನುಸುಳಿಹೋಗುವುದಿಲ್ಲವೆ? ಇಲ್ಲ. ಗಾಳಿಯ ಅಣುಗಳ ಹೊಡೆತಕ್ಕೆ ಅವು ಅತ್ತಿತ್ತ ಅಲೆದಾಡಿ ಎಳೆಗಳಿಗೆ ತಗುಲಿ ಅಂಟಿಕೊಳ್ಳುತ್ತವೆ. ದೊಡ್ಡ ಕಣಗಳು ಗಾಳಿಯೊಡನೆ ತಿರುಗಲಾರದೆ ಎಳೆಗಳಿಗೆ ಡಿಕ್ಕಿಹೊಡೆಯುತ್ತವೆ. ಹಿಡಿಯಲು ಕಷ್ಟವಾದವು ನಡುವಿನ ಗಾತ್ರದವೇ.

ಇನ್ನು ಉಳಿದುದು ಕಸ. ಅದನ್ನು ಅಡುಗೆಯ ಕುಕ್ಕರಿನ ತತ್ತ್ವದಿಂದಲೇ ನಡೆಯುವ ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಂಟಿಗ್ರೇಡ್ ಉಗಿಯಿಂದ ಬೇಯಿಸುತ್ತಾರೆ. ಮೊದಲು ಒಳಗಿನ ಗಾಳಿಯನ್ನೆಲ್ಲ ಹೊರದೂಡಬೇಕು. ಗಾಳಿ ಉಳಿದರೆ ಒತ್ತಡಮಾಪಕವು ಸರಿಯಾದ ಅಂಕೆಯನ್ನೇ ತೋರಿಸಬಹುದು. ಆದರೆ ಆ ಒತ್ತಡದಲ್ಲಿ ಗಾಳಿಯ ಪಾಲೂ ಸೇರಿರುವುದರಿಂದ ಉಗಿಯ ಶಾಖ ಸಾಲದೆ ರೋಗಾಣು ಬದುಕುಳಿದೀತು.

ಪುಣೆಯ ಅದೇ ಕೇಂದ್ರವು ಇಂದು ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿದೆ. ಅಲ್ಲಿ ನಾಲ್ಕನೆಯ, ಎಂದರೆ ಅತ್ಯುನ್ನತ ಸುರಕ್ಷತಾ ದರ್ಜೆಯ ಪ್ರಯೋಗಾಲಯವೂ ಇದೆ. ಆದರೆ ಯಾವ ದರ್ಜೆಯದೇ ಆಗಲಿ, ಒತ್ತಡಮಾಪಕವನ್ನು ದಿನವೂ ತಪ್ಪದೆ ನೋಡುವ ಕಣ್ಣಿಲ್ಲದಿದ್ದರೆ ಗಾಳಿಯ ಗೋಡೆ ಬಿದ್ದುದೂ ತಿಳಿಯದು.